ಹಾರ್ವೀ ಮಿಲ್ಕನ ಉಯಿಲು

೨೦೨೫ನೆಯ ಇಸವಿಯ ಜೂನ್ ತಿಂಗಳ ಕೊನೆಯಲ್ಲಿ, ವೃತ್ತಪತ್ರಿಕೆಯ ಒಳಪುಟವೊಂದರ ಮೂಲೆಯಲ್ಲಿದ್ದ ಚಿಕ್ಕದೊಂದು ಸುದ್ದಿ ನನ್ನ ಕಣ್ಣಿಗೆ ಬಿದ್ದಿತು. ಯುದ್ಧನೌಕೆಗಳಿಗೆ ಎಣ್ಣೆಯನ್ನು ಒದಗಿಸುವ ತಮ್ಮ ಹಡಗೊಂದಕ್ಕೆ ಇಟ್ಟಿದ್ದ ಹೆಸರನ್ನು ಅಮೆರಿಕಾದ ಸರಕಾರದವರು ತೆಗೆದುಹಾಕಿ ಬೇರೊಂದು ಹೆಸರನ್ನು ಇಟ್ಟಿದ್ದರು. ತೆಗೆದ ಹೆಸರು ಹಾರ್ವೀ ಮಿಲ್ಕ್ ಎಂಬಾತನದು. ಆತನು ತೀರಿಕೊಂಡು ಅದಾಗಲೇ ೪೬ ವರುಷಗಳು ಕಳೆದಿದ್ದುವು. ೨೦೨೧ರಲ್ಲಿ ಆ ಹಡಗು ನೀರಿಗಿಳಿದಾಗ ಹೊತ್ತಿದ್ದ ಹೆಸರು ನಾಲ್ಕು ವರುಷ ತುಂಬುವುದರೊಳಗೆ ಅಳಿಸಿಹೋಯಿತು. ಸುದ್ದಿಯನ್ನೋದಿದಾಗ ನನಗೆ ನೆನಪಾದವರು ನನ್ನ ಸೋದರಮಾವನವರು. ಅವರಿಗೂ ಆ ಹಡಗಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಅದನ್ನು ಹೇಳುವುದಕ್ಕೆ ಮೊದಲು ಮಿಲ್ಕನ ವೃತ್ತಾಂತವನ್ನು ಹೇಳಬೇಕು.

ಆತನು ಹುಟ್ಟಿದುದು ೧೯೩೦ನೆಯ ಇಸವಿ ಮೇ ೨೨ರಂದು, ನ್ಯೂಯಾರ್ಕಿಗೆ ಸಮೀಪದ ವುಡ್‌ಮಿಯರ್ ಎಂಬ ಊರಿನಲ್ಲಿ. ಲಿಥುವೇನಿಯಾದಿಂದ ಬಂದು ನೆಲಸಿದ ಯೆಹೂದ್ಯರ ಮನೆತನ. ಅಜ್ಜನು ದೊಡ್ಡ ಅಂಗಡಿಯನ್ನು ನಡೆಸಿದವನು. ತಾನು ಸಲಿಂಗಾನುರಾಗಿಯೆಂಬುದು ಹುಡುಗನಿಗೆ ಎಳೆವಯಸ್ಸಿನಲ್ಲಿಯೇ ತಿಳಿದಿದ್ದಿತು. ಅದನ್ನು ಮರೆಮಾಡಬೇಕೆಂಬುದೂ ಅಷ್ಟೇ ಬೇಗ ತಿಳಿಯಿತು. ಆತನು ನೌಕಾದಳದಲ್ಲಿದ್ದನು, ಉಪಾಧ್ಯಾಯನಾದನು, ವಿಮಾ ಕಂಪನಿಯಲ್ಲಿಯೂ ವಾಲ್ ಸ್ಟ್ರೀಟಿನಲ್ಲಿಯೂ ಕೆಲಸಮಾಡಿದನು. ೧೯೬೪ರ ಅಧ್ಯಕ್ಷ ಚುನಾವಣೆಯಲ್ಲಿ ಸಂಪ್ರದಾಯಪಕ್ಷದ ಗೋಲ್ಡ್‌ವಾಟರನ ಪರವಾಗಿ ದುಡಿದನು. ಮುಂದೆ ಹೆಸರಾದ ಸುಧಾರಕನ ಲಕ್ಷಣಗಳು ಆಗ ಆತನಲ್ಲಿ ಯಾರಿಗೂ ಕಂಡಿರಲಾರವು. ನಲವತ್ತು ದಾಟಿದ ಮೇಲೆ, ೧೯೭೨ರಲ್ಲಿ, ಸ್ಯಾನ್‌ಫ್ರಾನ್ಸಿಸ್ಕೋ ನಗರಕ್ಕೆ ಬಂದು ನಿಂತನು. ಮರುವರುಷ ಕ್ಯಾಸ್ಟ್ರೋ ಬೀದಿಯಲ್ಲಿ ಕ್ಯಾಮರಾ ಮತ್ತು ಫಿಲ್ಮಿನ ಅಂಗಡಿಯನ್ನು ತೆರೆದನು.

ಆ ಅಂಗಡಿಯಲ್ಲಿ ವ್ಯಾಪಾರಕ್ಕಿಂತ ಮಾತೇ ಹೆಚ್ಚು. ಒಮ್ಮೆ ಉಪಾಧ್ಯಾಯಿನಿಯೊಬ್ಬಳು ತನ್ನ ಶಾಲೆಯಲ್ಲಿ ಪ್ರೊಜೆಕ್ಟರ್ ಕೆಲಸಮಾಡುವುದಿಲ್ಲವೆಂದು ಅಲ್ಲಿಗೆ ಬಂದು ಎರವಲು ಕೇಳಿದಳಂತೆ. ಸರಕಾರವು ಮಕ್ಕಳಿಗೆ ಇಷ್ಟನ್ನೂ ಒದಗಿಸಲಾರದೆ ಎಂಬ ಸಿಟ್ಟು ಆತನನ್ನು ಚುನಾವಣೆಗೆ ನಿಲ್ಲಿಸಿದ ಕಾರಣಗಳಲ್ಲಿ ಒಂದೆಂದು ಹೇಳುತ್ತಾರೆ. ೧೯೭೩ರಲ್ಲಿ ನಗರದ ಮೇಲ್ವಿಚಾರಕ ಮಂಡಲಿಗೆ ನಿಂತನು; ನಮ್ಮ ಮುನಿಸಿಪಲ್ ಕೌನ್ಸಿಲಿನಂಥ ಸಭೆ ಅದು. ೩೨ ಮಂದಿ ಉಮೇದುವಾರರಲ್ಲಿ ಹತ್ತನೆಯವನಾಗಿ ಸೋತನು. ೧೯೭೫ರಲ್ಲಿಯೂ ೧೯೭೬ರಲ್ಲಿಯೂ ಸೋತನು. ನಡುವೆ ಲಾರಿ ಚಾಲಕರ ಸಂಘದವರು ಕೂರ್ಸ್ ಎಂಬ ಬಿಯರಿನ ಬಹಿಷ್ಕಾರಕ್ಕೆ ನೆರವು ಬೇಡಿದಾಗ, ತನ್ನವರ ಪಾನಗೃಹಗಳಿಂದ ಆ ಬಿಯರನ್ನು ತೆಗೆಯಿಸಿದನು; ಪ್ರತಿಯಾಗಿ ಸಲಿಂಗಾನುರಾಗಿಗಳಿಗೆ ಚಾಲಕರ ಕೆಲಸವನ್ನು ಕೊಡಬೇಕೆಂದು ಕೇಳಿ ಒಪ್ಪಿಸಿದನು. ೧೯೭೭ರಲ್ಲಿ ಇಡೀ ನಗರದ ಬದಲು ಕೇರಿಕೇರಿಯಿಂದ ಪ್ರತಿನಿಧಿಗಳನ್ನು ಆರಿಸುವ ಕ್ರಮ ಬಂದಿತು. ತನ್ನ ಕೇರಿಯ ಜನ ಆತನನ್ನು ಬಲ್ಲವರು, ಆರಿಸಿದರು. ತಾನು ಸಲಿಂಗಾನುರಾಗಿಯೆಂದು ಹೇಳಿಕೊಂಡೇ ಕ್ಯಾಲಿಫೋರ್ನಿಯಾ ಸಂಸ್ಥಾನದಲ್ಲಿ ಸಾರ್ವಜನಿಕ ಸ್ಥಾನಕ್ಕೆ ಚುನಾಯಿತನಾದ ಮೊದಲನೆಯ ಪುರುಷನು ಆತನು.

ಅಧಿಕಾರದಲ್ಲಿದ್ದುದು ಹನ್ನೊಂದು ತಿಂಗಳೂ ಅಲ್ಲ. ಅಷ್ಟರಲ್ಲಿ ಕೆಲಸದಲ್ಲಿಯೂ ಬಾಡಿಗೆಯ ಮನೆಗಳಲ್ಲಿಯೂ ಸಲಿಂಗಾನುರಾಗಿಗಳಿಗೆ ಭೇದವೆಣಿಸಬಾರದೆಂಬ ಕಾನೂನನ್ನು ಮಂಡಲಿಯಲ್ಲಿ ಒಪ್ಪಿಸಿದನು. ವಿರೋಧವಾಗಿ ಬಿದ್ದುದು ಡ್ಯಾನ್ ವೈಟ್ ಎಂಬ ಸದಸ್ಯನ ಒಂದೇ ಮತ. ನಾಯಿಗಳ ಒಡೆಯರು ಬೀದಿಯ ಹೊಲಸನ್ನು ತಾವೇ ಬಳಿಯಬೇಕೆಂಬ ಕಾನೂನನ್ನೂ ತಂದನು. ಎರಡನೆಯದು ಕ್ಷುಲ್ಲಕವೆಂದು ನಗುವವರುಂಟು. ನನಗೆ ಹಾಗೆ ತೋರುವುದಿಲ್ಲ. ತಾನು ತನ್ನವರಿಗೆ ಮಾತ್ರವಲ್ಲದೆ ಆ ಬೀದಿಯಲ್ಲಿ ನಡೆಯುವ ಎಲ್ಲರಿಗೂ ಪ್ರತಿನಿಧಿಯೆಂದು ಆತನು ತಿಳಿದಿದ್ದನು.

ಆ ವರುಷವೇ ಬ್ರಿಗ್ಸ್ ಎಂಬ ಶಾಸಕನು ಸಲಿಂಗಾನುರಾಗಿಗಳನ್ನೂ ಅವರನ್ನು ಬೆಂಬಲಿಸುವವರನ್ನೂ ಸರಕಾರಿ ಶಾಲೆಗಳ ಉಪಾಧ್ಯಾಯವೃತ್ತಿಯಿಂದ ಹೊರಹಾಕಬೇಕೆಂದು ಒಂದು ಸೂಚನೆಯನ್ನು ಜನಮತಕ್ಕೆ ತಂದನು. ಮಿಲ್ಕನು ಊರೂರು ತಿರುಗಿ ವಾದಿಸಿದನು. ಆದರೆ ವಾದಕ್ಕಿಂತಲೂ ಹೆಚ್ಚಾಗಿ ಆತನು ನಂಬಿದುದು ಪರಿಚಯವನ್ನು. ನಿಮ್ಮ ತಾಯಿತಂದೆಗಳಿಗೆ, ನೆರೆಯವರಿಗೆ, ಜೊತೆಯಲ್ಲಿ ಕೆಲಸಮಾಡುವವರಿಗೆ ನೀವು ಯಾರೆಂಬುದನ್ನು ಹೇಳಿರಿ ಎಂದು ತನ್ನವರನ್ನು ಬೇಡಿದನು. ಕಾಣದವರ ಮೇಲೆ ಯಾವ ಕಟ್ಟುಕಥೆಯನ್ನು ಬೇಕಾದರೂ ಹೊರಿಸಬಹುದು, ದಿನವೂ ಕಂಡು ಬಲ್ಲವರ ಮೇಲೆ ಹೊರಿಸುವುದು ಕಷ್ಟ ಎಂಬುದು ಆತನ ಲೆಕ್ಕ. ಮುಂದೆ ಅಮೆರಿಕಾದ ಅಧ್ಯಕ್ಷನಾದ ರೇಗನ್ನನೂ ಆ ಸೂಚನೆಯನ್ನು ವಿರೋಧಿಸಿದನು. ೧೯೭೮ನೆಯ ಇಸವಿ ನವೆಂಬರ್ ೭ರಂದು ಅದು ಹತ್ತು ಲಕ್ಷಕ್ಕೂ ಮಿಕ್ಕ ಮತಗಳ ಅಂತರದಿಂದ ಸೋತಿತು.

ಇಷ್ಟನ್ನು ಹೇಳಿ ನಿಲ್ಲಿಸಿದರೆ ಅರ್ಧ ಹೇಳಿದಂತೆ. ಆತನಲ್ಲಿಯೂ ತಪ್ಪುಗಳಿದ್ದುವು, ಅವುಗಳಲ್ಲೊಂದು ನನ್ನನ್ನು ಬಹಳ ದಿನ ಕಾಡಿತು. ೧೯೭೫ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಫೋರ್ಡನ ಮೇಲೆ ಗುಂಡು ಹಾರಿಸಲು ಹೊರಟ ಹೆಂಗಸಿನ ಕೈಯನ್ನು ಹಿಡಿದೆಳೆದು ಆತನನ್ನು ಉಳಿಸಿದವನು ಆಲಿವರ್ ಸಿಪಲ್ ಎಂಬ ಮಾಜಿ ಸೈನಿಕ. ಸಿಪಲನು ಸಲಿಂಗಾನುರಾಗಿ, ಆದರೆ ದೂರದ ಡೆಟ್ರಾಯಿಟಿನಲ್ಲಿದ್ದ ಅವನ ಹೆತ್ತವರಿಗೆ ಅದು ತಿಳಿಯದು. ನಮ್ಮವನೊಬ್ಬನು ವೀರನೆಂಬುದು ಲೋಕಕ್ಕೆ ತಿಳಿಯಲೆಂದು ಮಿಲ್ಕನು ಆ ವಿಷಯವನ್ನು ಪತ್ರಿಕೆಯ ಅಂಕಣಕಾರನೊಬ್ಬನಿಗೆ ತಿಳಿಸಿದನೆಂದು ಆತನ ಚರಿತ್ರೆಯನ್ನು ಬರೆದವರು ಹೇಳುತ್ತಾರೆ. ಸುದ್ದಿ ಅಚ್ಚಾಯಿತು. ಸಿಪಲನ ತಾಯಿ ಮಗನೊಡನೆ ಮಾತು ಬಿಟ್ಟಳು. ಅವನು ಪತ್ರಿಕೆಗಳ ಮೇಲೆ ದಾವೆ ಹೂಡಿ ಸೋತನು. ೧೯೮೯ರಲ್ಲಿ ೪೭ನೆಯ ವಯಸ್ಸಿನಲ್ಲಿ ಸತ್ತನು. ತನ್ನ ಸತ್ಯವನ್ನು ತಾನು ಹೇಳುವುದು ಧೈರ್ಯ. ಇನ್ನೊಬ್ಬನದನ್ನು ಅವನ ಅನುಮತಿಯಿಲ್ಲದೆ ಹೇಳುವುದು, ಉದ್ದೇಶ ಎಷ್ಟು ಒಳ್ಳೆಯದಾಗಿದ್ದರೂ, ಬೇರೆಯೇ ಮಾತು.

ಮಿಲ್ಕನಿಗೆ ತಾನು ಕೊಲೆಗೀಡಾಗಬಹುದೆಂಬ ಶಂಕೆ ಮೊದಲಿನಿಂದಲೂ ಇದ್ದಿತು. ಚುನಾವಣೆಯಲ್ಲಿ ಗೆದ್ದ ಹತ್ತೇ ದಿನಕ್ಕೆ, ೧೯೭೭ರ ನವೆಂಬರ್ ೧೮ರಂದು, ಧ್ವನಿಸುರುಳಿಯಲ್ಲಿ ಒಂದು ಉಯಿಲನ್ನು ಮಾತನಾಡಿ ಇರಿಸಿದನು. ತನ್ನನ್ನು ಯಾರಾದರೂ ಕೊಂದರೆ ಮಾತ್ರ ಅದನ್ನು ಕೇಳತಕ್ಕದ್ದು. ತನ್ನ ಸ್ಥಾನಕ್ಕೆ ಯಾರಾಗಬಹುದು, ಯಾರಾಗಬಾರದು ಎಂಬುದನ್ನು ಅದರಲ್ಲಿ ಹೆಸರು ಹಿಡಿದು ಹೇಳಿದನು. ತನ್ನ ಸಾವಿನಿಂದ ಮರೆಯಲ್ಲಿ ಬಾಳುತ್ತಿರುವವರು ಹೊರಗೆ ಬರುವಂತಾಗಲೆಂದು ಹಾರೈಸಿದನು. ಒಂದು ವರುಷ ಕಳೆಯಿತು. ೧೯೭೮ನೆಯ ನವೆಂಬರ್ ೨೭ರಂದು, ರಾಜೀನಾಮೆ ಕೊಟ್ಟು ಮತ್ತೆ ಆ ಸ್ಥಾನವನ್ನು ಬಯಸುತ್ತಿದ್ದ ಡ್ಯಾನ್ ವೈಟನು ನೆಲಮಾಳಿಗೆಯ ಕಿಟಕಿಯಿಂದ ನಗರಸಭೆಯ ಕಟ್ಟಡದೊಳಕ್ಕೆ ನುಸುಳಿ, ಮೊದಲು ಮೇಯರ್ ಮೊಸ್ಕೋನಿಯನ್ನೂ ಅನಂತರ ಮಿಲ್ಕನನ್ನೂ ಗುಂಡಿಕ್ಕಿ ಕೊಂದನು. ಆಗ ಮಿಲ್ಕನಿಗೆ ೪೮ ವರುಷ. ಆ ರಾತ್ರಿ ಸಾವಿರಾರು ಜನ ಮೇಣದಬತ್ತಿಗಳನ್ನು ಹಿಡಿದು ಕ್ಯಾಸ್ಟ್ರೋ ಬೀದಿಯಿಂದ ನಗರಸಭೆಯ ವರೆಗೆ ಸದ್ದಿಲ್ಲದೆ ನಡೆದರು. ಮರುವರುಷ ಮೇ ತಿಂಗಳಲ್ಲಿ ಕೊಲೆಗಾರನಿಗೆ ಏಳು ವರುಷ ಎಂಟು ತಿಂಗಳ ಸಜೆ ಮಾತ್ರ ಎಂದು ತೀರ್ಮಾನವಾದಾಗ ಆ ಮೌನ ಉಳಿಯಲಿಲ್ಲ. ಪೋಲೀಸರ ಗಾಡಿಗಳು ಉರಿದುವು. ಮಿಲ್ಕನ ಸ್ಥಾನಕ್ಕೆ ಬಂದವನು ಮಾತ್ರ ಉಯಿಲಿನಲ್ಲಿ ಹೆಸರಿಸಿದ್ದವರಲ್ಲಿ ಒಬ್ಬನೇ, ಹ್ಯಾರಿ ಬ್ರಿಟ್.

ಇನ್ನು ನನ್ನ ಮಾವನವರ ವಿಷಯ. ಅವರು ಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದವರು. ಮದುವೆಯಾಗಲಿಲ್ಲ. ಅವರ ಮನೆಯಲ್ಲಿ ಮೂವತ್ತು ವರುಷಗಳಿಗೂ ಹೆಚ್ಚು ಕಾಲ ಅವರೊಡನೆ ಇದ್ದವರು ಒಬ್ಬರು ಡ್ರಾಯಿಂಗ್ ಮೇಷ್ಟ್ರು. ನಾವು ಮಕ್ಕಳು ರಜಕ್ಕೆ ಹೋದಾಗ ಮಾವನವರು ಲೆಕ್ಕ ಹೇಳಿಕೊಡುವರು, ಮೇಷ್ಟ್ರು ದೋಸೆ ಹುಯ್ಯುವರು. ಅವರು ಯಾರೆಂದು ಕೇಳಿದವರಿಗೆ ನಮ್ಮ ತಾಯಿ ‘ಸ್ನೇಹಿತರು’ ಎನ್ನುವಳು. ಮುಂದಿನ ಪ್ರಶ್ನೆಗೆ ಎಡೆಯಿಲ್ಲದಂತೆ ಬೇರೆ ಮಾತನ್ನು ತೆಗೆಯುವಳು. ದೊಡ್ಡವನಾದ ಮೇಲೆ ನನಗೆ ಅರ್ಥವಾಯಿತು. ನಾನೂ ಬೇರೆ ಮಾತನ್ನು ತೆಗೆಯುವುದನ್ನೇ ಕಲಿತೆನು.

೨೦೧೪ರಲ್ಲಿ ಮಾವನವರು ತೀರಿಕೊಂಡರು. ಜೀವಮಾನವೆಲ್ಲ ಬೇರೆಯವರ ಉಯಿಲುಗಳನ್ನು ಕಟ್ಟಿಟ್ಟ ಅವರು ತಮ್ಮದೊಂದನ್ನು ಬರೆದಿಟ್ಟಿರಲಿಲ್ಲ. ಬರೆದಿದ್ದರೆ ಮೇಷ್ಟ್ರ ಹೆಸರಿನ ಮುಂದೆ ಏನೆಂದು ಬರೆಯಬೇಕಾಗಿದ್ದಿತು? ಆಗ ಅಂಥ ಸಂಬಂಧವು ನಮ್ಮ ದಂಡಸಂಹಿತೆಯ ೩೭೭ನೆಯ ಕಲಮಿನಂತೆ ಅಪರಾಧ. ೨೦೦೯ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯ ಕೊಟ್ಟಿದ್ದ ಬಿಡುಗಡೆಯನ್ನು ೨೦೧೩ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ರದ್ದುಗೊಳಿಸಿದ್ದಿತು. ಕಲಮು ಯಾವುದೆಂದು ಮಾವನವರಿಗೆ ನನಗಿಂತ ಚೆನ್ನಾಗಿ ಗೊತ್ತು. ಕರ್ಮಾಂತರಗಳು ನಡೆದ ಅಷ್ಟು ದಿನವೂ ಮೇಷ್ಟ್ರು ಜಗಲಿಯ ಮೇಲೆ ಕುಳಿತಿದ್ದರು. ಒಳಕ್ಕೆ ಬನ್ನಿರೆಂದು ಯಾರೂ ಕರೆಯಲಿಲ್ಲ, ನಾನೂ ಕರೆಯಲಿಲ್ಲ. ವೈಕುಂಠಸಮಾರಾಧನೆ ಮುಗಿದ ಮಾರನೆಯ ದಿನ ಬಂಧುಗಳು ಮನೆಗೆ ಬೀಗ ಹಾಕಿದರು. ಮೇಷ್ಟ್ರು ಒಂದು ಟ್ರಂಕಿನೊಡನೆ ತಮ್ಮನ ಊರಿಗೆ ಹೊರಟರು. ಟ್ರಂಕನ್ನು ಬಸ್ಸಿಗೆ ಏರಿಸಿಕೊಟ್ಟವನು ನಾನು. ‘ನಿಮ್ಮ ಮಾವನಿಗೆ ನಿಮ್ಮಲ್ಲಿ ಬಹಳ ನಂಬಿಕೆಯಿತ್ತು’ ಎಂದರು. ನಾನು ಬಸ್ಸು ಯಾವಾಗ ಹೊರಡುವುದೆಂದು ಕಂಡಕ್ಟರನನ್ನು ಕೇಳಿದೆನು.

೨೦೧೮ನೆಯ ಸೆಪ್ಟೆಂಬರ್ ೬ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರು ವಯಸ್ಕರ ಸಮ್ಮತಿಯ ಸಂಬಂಧವು ಅಪರಾಧವಲ್ಲವೆಂದು ಒಮ್ಮತದಿಂದ ತೀರ್ಪಿತ್ತರು. ಮಿಲ್ಕನ ವೃತ್ತಾಂತವನ್ನು ನಾನು ಓದಿದುದು ಆ ದಿನಗಳಲ್ಲಿ. ಉಯಿಲಿನ ಪ್ರಸಂಗಕ್ಕೆ ಬಂದಾಗ ಪುಸ್ತಕವನ್ನು ಮುಚ್ಚಿದೆನು. ಅದರ ಮುಂದಿನ ಭಾನುವಾರ ಮೇಷ್ಟ್ರ ಊರಿಗೆ ಹೋದೆನು. ಕ್ಷಮೆ ಕೇಳಬೇಕೆಂದು ಹೋದವನು ಸರಿಯಾಗಿ ಕೇಳಲಾರದೆ ಹೋದೆನು, ಅವರೇ ಅರಿತುಕೊಂಡರು. ತೀರ್ಪಿನ ಮಾತು ಬಂದಾಗ ನಕ್ಕು, ‘ನಿಮ್ಮ ಮಾವ ಇದ್ದಿದ್ದರೆ ಅದನ್ನು ಮೊದಲಿನಿಂದ ಕೊನೆಯವರೆಗೆ ನನ್ನ ಕೈಲಿ ಓದಿಸುತ್ತಿದ್ದರು’ ಎಂದರು. ಹೊರಡುವಾಗ, ಎಂದಾದರೂ ನಿಮ್ಮಿಬ್ಬರ ವಿಷಯವನ್ನು ಬರೆಯಲೆ ಎಂದು ಕೇಳಿದೆನು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಬರೆಯಿರಿ, ಹೆಸರು ಬೇಡ’ ಎಂದರು. ಸಿಪಲನ ಕಥೆಯನ್ನು ಓದಿದ್ದ ನನಗೆ ಆ ಎರಡು ಮಾತುಗಳ ಬೆಲೆ ಗೊತ್ತಿದ್ದಿತು. ಅವರ ಹೆಸರಾಗಲಿ ಮಾವನವರ ಹೆಸರಾಗಲಿ ಇಲ್ಲಿ ಇಲ್ಲದಿರುವುದು ಅದಕ್ಕಾಗಿ.

ಮಿಲ್ಕನು ಮರೆಯಲ್ಲಿದ್ದವರನ್ನು ಹೊರಕ್ಕೆ ಕರೆದನು. ಬರುವುದೂ ಬಾರದಿರುವುದೂ ಅವರವರಿಗೆ ಸೇರಿದುದು. ಆದರೆ ಹೊರಗಿದ್ದ ನಮಗೂ ಒಂದು ಕೆಲಸವಿದ್ದಿತು: ಬಂದವರಿಗೆ ಅಪಾಯವಿಲ್ಲವೆಂದು ನಮ್ಮ ನಡತೆಯಿಂದ ತೋರಿಸುವುದು. ಆ ಕೆಲಸವನ್ನು ನಾನು ಮೂವತ್ತು ವರುಷ ಮಾಡಲಿಲ್ಲ. ಹಡಗಿಗೆ ಹೆಸರಿಡುವುದೂ ತೆಗೆಯುವುದೂ ಅಧಿಕಾರದಲ್ಲಿರುವವರ ಇಷ್ಟ. ಆತನನ್ನು ನೆನೆಯುವುದಕ್ಕೆ ನಮ್ಮಂಥವರಿಗೆ ಹಡಗು ಬೇಕಿಲ್ಲ.

ಮೇಷ್ಟ್ರು ೨೦೨೧ರಲ್ಲಿ ತೀರಿಕೊಂಡರು. ಮಹಾಲಯದ ತರ್ಪಣದಲ್ಲಿ ಬಂಧುಗಳ ತರುವಾಯ ಮಿತ್ರರಿಗೂ ಎಳ್ಳುನೀರು ಬಿಡುವ ಪದ್ಧತಿಯುಂಟು. ಆ ವರುಷ ಪುರೋಹಿತರು ಮೇಷ್ಟ್ರ ಗೋತ್ರವನ್ನು ಕೇಳಿದರು. ಅಷ್ಟು ವರುಷ ಅವರ ಕೈಯ ಅನ್ನವನ್ನುಂಡ ನನಗೆ ಅದು ತಿಳಿಯದು. ತಿಳಿಯದಿದ್ದರೆ ಕಾಶ್ಯಪವೆಂದು ಹೇಳಬಹುದೆಂದರು. ಹಾಗೆಯೇ ಹೇಳಿ ಮಾವನವರ ಹೆಸರನ್ನೂ ಅವರ ಹೆಸರನ್ನೂ ಒಂದರ ಹಿಂದೊಂದಾಗಿ, ಮನೆಯವರೆಲ್ಲರಿಗೂ ಕೇಳಿಸುವಂತೆ ಹೇಳಿದೆನು. ಅಂದಿನಿಂದ ಪ್ರತಿವರುಷವೂ ಹಾಗೆಯೇ ಹೇಳುತ್ತಿದ್ದೇನೆ.