ಹಾಯಿದೋಣಿಗೆ ಖಡಕ್ ರೊಟ್ಟಿ

2024ರ ದಸರೆಗೆ ಊರಿಗೆ ಬಂದ ಮಗಳು ಬನ್ನಿ ಕೊಟ್ಟು ಕಾಲಿಗೆ ನಮಸ್ಕಾರ ಮಾಡಿದವಳೇ, "ಅವ್ವಾ, ತಿಂಗಳಾನಗಟ್ಲೆ ಕೆಡಲಾರದಂಥಾ ಅಡಿಗಿ ಯಾವ್ಯಾವು ಹೇಳು" ಎಂದಳು. ಪರದೇಶದಲ್ಲಿರುವ ಮಕ್ಕಳು ಕೇಳುವ ಮಾತೇ ಇದು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮಾದ್ಲಿ ಎಂದು ಬೆರಳು ಮಡಚುತ್ತ ಹೋದೆ. "ಅಲ್ಲಿ ಅಂಗಡಿ ಇರೂದಿಲ್ಲ, ಮಂದಿ ಇರೂದಿಲ್ಲ, ಸುತ್ತಲೂ ಬರೇ ನೀರು" ಎಂದಾಗ ಮಡಚಿದ ಬೆರಳು ಹಾಗೇ ಉಳಿಯಿತು.

ಮಗಳೂ ಅಳಿಯನೂ ಇಂಗ್ಲೆಂಡಿನಲ್ಲಿ ನೌಕರಿ ಮಾಡುವವರು. ಮೂರು ವರ್ಷದ ಹಿಂದೆ ಇಬ್ಬರೂ ಕೂಡಿ ಒಂದು ಹಳೆಯ ಹಾಯಿದೋಣಿ ಕೊಂಡಿದ್ದರು. ಮೂವತ್ನಾಲ್ಕು ಅಡಿ ಉದ್ದ. ಬೆಟಗೇರಿಯ ನಮ್ಮ ಮನೆಯ ತಲಬಾಗಿಲಿನಿಂದ ಹಿತ್ತಲಬಾಗಿಲಿನಷ್ಟು. ರಜೆಯಲ್ಲಿ ದಂಡೆಗುಂಟ ಆಡಿಕೊಂಡಿರುತ್ತಾರೆ ಎಂದು ನಾನು ತಿಳಿದಿದ್ದೆ. ಅವರು ನೋಡಿದರೆ ಅದನ್ನು ಬಂದರಿನಿಂದ ಬಂದರಿಗೆ ಸಾಗಿಸಿ, ಆಫ್ರಿಕಾದ ಪಕ್ಕದ ಕೆನರಿ ದ್ವೀಪಗಳಲ್ಲಿ ಕಟ್ಟಿ ಬಂದಿದ್ದರು. ಡಿಸೆಂಬರಿನಲ್ಲಿ ಅಲ್ಲಿಂದ ಹೊರಟು ಅಟ್ಲಾಂಟಿಕ್ ಮಹಾಸಾಗರ ದಾಟಿ ವೆಸ್ಟ್ ಇಂಡೀಸಿನ ಸೇಂಟ್ ಲೂಸಿಯಾ ಮುಟ್ಟಬೇಕು. ಸುಮಾರು 2,700 ನಾಟಿಕಲ್ ಮೈಲು, ಅಂದರೆ ಐದು ಸಾವಿರ ಕಿಲೋಮೀಟರು. ಹೋಗುವವರು ಇಬ್ಬರೇ. ಇಷ್ಟು ದೂರದ ಪ್ರಯಾಣ ಇಬ್ಬರಿಗೂ ಇದೇ ಮೊದಲು.

"ನೀವಿಬ್ಬರು ಹಿಂಗ್ಯಾಕ ಮುಖಾ ಮಾಡೀರಿ?" ಎಂದಳು ಮಗಳು. "ಹತ್ತು ದಿನದ ಹಿಂದ ಗೋವಾದಿಂದ ನೌಕಾದಳದ ಇಬ್ಬರು ಹೆಣ್ಣಮಕ್ಕಳು ಹಾಯಿದೋಣಿಯೊಳಗ ಇಡೀ ಪೃಥ್ವಿ ಸುತ್ತಾಕ ಹೊಂಟಾರ. ಎಂಟು ತಿಂಗಳು. ನಮ್ಮದು ಮೂರೇ ವಾರ." ಅದು ಖರೆ. ದಿಲ್ನಾ ಮತ್ತು ರೂಪಾ ಎಂಬ ಆ ಅಧಿಕಾರಿಗಳು ಅಕ್ಟೋಬರ್ 2ರಂದು 'ತಾರಿಣಿ' ದೋಣಿಯಲ್ಲಿ ಹೊರಟಿದ್ದರು. 2025ರ ಮೇ 29ರಂದು ಸುಖವಾಗಿ ಗೋವಾಕ್ಕೆ ಮರಳಿದರು. ಅದಕ್ಕೂ ಮೊದಲು 2009-10ರಲ್ಲಿ ದಿಲೀಪ್ ದೋಂಡೆ ಎಂಬವರು ಒಬ್ಬರೇ ಪೃಥ್ವಿ ಸುತ್ತಿ ಬಂದ ದೋಣಿಯ ಹೆಸರು 'ಮ್ಹಾದೇಯಿ'. ನಮ್ಮ ನರಗುಂದದವರು ವರ್ಷಗಟ್ಟಲೆ ಧರಣಿ ಕುಳಿತದ್ದು ಯಾವ ಮಹದಾಯಿ ನೀರಿಗೋ, ಅದೇ ಹೊಳೆಯ ಹೆಸರು! ಆದರೆ ನೀವೇ ಹೇಳಿ, ಬೇರೆಯವರ ಮಕ್ಕಳ ಧೈರ್ಯ ಪೇಪರಿನಲ್ಲಿ ಓದಲಿಕ್ಕೆ ಚಂದ. ನಮ್ಮ ಮಕ್ಕಳದ್ದಾದರೆ?

ಆ ರಾತ್ರಿ ನಮ್ಮ ಯಜಮಾನರು ಬಹಳ ಹೊತ್ತು ಸುಮ್ಮನಿದ್ದು, "ಹರಗೋಲ ನೆನಪೈತೇನು?" ಎಂದರು. ಅವರದು ಮುಂಡರಗಿ ತಾಲೂಕಿನ ಹೊಳೆದಂಡೆಯ ಊರು. ಮದುವೆಯಾದ ಹೊಸದರಲ್ಲಿ ಆಚೆ ದಂಡೆಯ ಬೀಗರ ಮನೆಗೆ ತುಂಗಭದ್ರೆಯನ್ನು ಹರಗೋಲಿನಲ್ಲಿ ದಾಟಿದ್ದೆವು. ಹಿಂದು ಮುಂದಿಲ್ಲದ ಆ ದುಂಡನೆಯ ಬುಟ್ಟಿ ನಡುನೀರಿನಲ್ಲಿ ಗಿರಗಿರ ತಿರುಗಿದಾಗ ನಾನು ಅವರ ಕೈ ಹಿಡಿದುಕೊಂಡೆ. ನನಗಿಂತ ಅವರ ಕೈಯೇ ಹೆಚ್ಚು ನಡುಗುತ್ತಿತ್ತು. ನಮ್ಮಿಬ್ಬರ ಜಲಪ್ರಯಾಣ ಅಂದರೆ ಅಷ್ಟೇ. ಅಲ್ಲಿಯ ತನಕ ನಾವಿಬ್ಬರೂ ಸಮುದ್ರವನ್ನು ಕಣ್ಣಿಂದ ನೋಡಿದವರೇ ಅಲ್ಲ.

ನೋಡದಿದ್ದರೂ ಪಾಠ ಮಾತ್ರ ಹೇಳಿದ್ದೇನೆ. ಶಿರಹಟ್ಟಿಯಲ್ಲಿ ಮೂವತ್ತು ವರ್ಷ ಮಾಸ್ತರಿಕೆ ಮಾಡಿದವಳು ನಾನು. ಭೂಗೋಲದ ತಾಸಿನಲ್ಲಿ ಕರಿಹಲಗೆಯ ಮೇಲೆ ಗುಂಡನೆಯ ಗೋಲ ಬರೆದು, ಮೂವತ್ತು ಡಿಗ್ರಿಯ ಅಧಿಕ ಒತ್ತಡದ ಪಟ್ಟಿಯಿಂದ ಸಮಭಾಜಕದ ಕಡೆಗೆ ಬಾಣದ ಗುರುತು ಎಳೆಯುತ್ತಿದ್ದೆ. "ಭೂಮಿ ತಿರುಗುವುದರಿಂದ ಈ ಗಾಳಿ ಬಲಕ್ಕೆ ಬಾಗಿ ಈಶಾನ್ಯದಿಂದ ಬೀಸುತ್ತದೆ. ಇವಕ್ಕೆ ವಾಣಿಜ್ಯ ಮಾರುತ ಎನ್ನುತ್ತಾರೆ." ಮಕ್ಕಳು ಬಾಯಿಪಾಠ ಮಾಡುತ್ತಿದ್ದರು, ನಾನೂ ಮಾಡಿದ್ದೆ. ಈಗ ಮಗಳು ಅದನ್ನೇ ನನಗೆ ಹೇಳತೊಡಗಿದಳು. ಜೂನಿನಿಂದ ನವೆಂಬರ್ ತನಕ ಅತ್ತ ಚಂಡಮಾರುತದ ಕಾಲ. ಅದು ಕಳೆದ ಮೇಲೆ ಕೆನರಿಯಿಂದ ಹೊರಟರೆ ಈ ಗಾಳಿ ಬೆನ್ನ ಹಿಂದಿನಿಂದ ದೂಡುತ್ತ ಆಚೆ ದಂಡೆಗೆ ಒಯ್ಯುತ್ತದೆ. 1492ರಲ್ಲಿ ಕೊಲಂಬಸ್ ಹೋದದ್ದೂ ಕೆನರಿಯಿಂದಲೇ. ನಾನು ಸೀಮೆಸುಣ್ಣದಲ್ಲಿ ಎಳೆದ ಬಾಣದ ಮೇಲೆ ನನ್ನ ಮಗಳು ಕೂತು ಹೋಗುತ್ತಾಳೆಂದು ಯಾರಿಗೆ ಗೊತ್ತಿತ್ತು?

ಬೇಡ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ತಡೆದದ್ದು ನನ್ನ ಅವ್ವನ ನೆನಪು. ಮದುವೆಗೆ ಮೊದಲು ನನಗೆ ಮೈಸೂರಿನಲ್ಲಿ ಒಂದು ವರ್ಷದ ತರಬೇತಿಗೆ ಅವಕಾಶ ಬಂದಿತ್ತು. ಲಕ್ಷ್ಮೇಶ್ವರದ ನಮ್ಮ ತವರಿನಲ್ಲಿ ಯಾರೂ ಬೇಡ ಎನ್ನಲಿಲ್ಲ. ಅವ್ವ ಅತ್ತಳು, ಅಷ್ಟೇ. ಮೂರು ದಿನ ಒಲೆಯ ಮುಂದೆ ಕೂತು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನು ಹೋಗಲಿಲ್ಲ. ಅವಳ ಮೇಲೆ ನನಗೆ ಸಿಟ್ಟಿಲ್ಲ, ಆದರೆ ಇಂದಿಗೂ ಮೈಸೂರು ಅಂದರೆ ಎದೆಯಲ್ಲಿ ಏನೋ ಚುಚ್ಚುತ್ತದೆ. ಅಳುವಿನ ಹಗ್ಗ ಬಹಳ ಗಟ್ಟಿ. ಅದನ್ನು ನಾನು ಮಗಳ ಕಾಲಿಗೆ ಕಟ್ಟಬಾರದೆಂದು ನಿಶ್ಚಯ ಮಾಡಿದೆ. "ನಿನಗ ಹೆದರಿಕಿ ಆಗೂದಿಲ್ಲೇನವ್ವಾ?" ಎಂದು ಅವಳೇ ಕೇಳಿದಾಗ, "ಯಾಕ ಆಗತೈತಿ?" ಎಂದು ಸುಳ್ಳು ಹೇಳಿ ಜೋಳದ ಹಿಟ್ಟು ನಾದಲಿಕ್ಕೆ ಕುಳಿತೆ.

ನೂರಾ ಇಪ್ಪತ್ತು ರೊಟ್ಟಿ ಬಡಿದೆ. ಖಡಕ್ ರೊಟ್ಟಿಗೆ ಶತ್ರು ಒಂದೇ, ಥಂಡಿ. ಒಂದೊಂದನ್ನೂ ಹಂಚಿನ ಮೇಲೆ ಒತ್ತಿ ತೇವ ಪೂರಾ ಆರಿಸಿ, ಗಾಳಿಯಾಡದ ಡಬ್ಬಿಯಲ್ಲಿ ಅರಿವೆ ಹಾಸಿ ಪೇರಿಸಿದೆ. ಹಳೇ ಕಾಲದ ನಾವಿಕರೂ ಹೀಗೆಯೇ ಕಲ್ಲಿನಂಥ ಬಿಸ್ಕೀಟು ಒಯ್ಯುತ್ತಿದ್ದರೆಂದು ಅಳಿಯ ಹೇಳಿದ. ನಮ್ಮ ರೊಟ್ಟಿಯ ರುಚಿ ಅದಕ್ಕೆಲ್ಲಿ ಬರಬೇಕು!

ಡಿಸೆಂಬರ್ ಮೊದಲ ವಾರ ಅವರು ಹೊರಟರು. ಉಪಗ್ರಹದ ಮೂಲಕ ದಿನಕ್ಕೊಂದು ಸಣ್ಣ ಸಂದೇಶ, ಸಂಜೆ ಆರರ ಸುಮಾರಿಗೆ. ಅದರಲ್ಲಿ ಅಕ್ಷಾಂಶ, ರೇಖಾಂಶ, "ಆರಾಮ" ಎಂಬ ಒಂದು ಶಬ್ದ. ಯಜಮಾನರು ನನ್ನ ಹಳೆಯ ಶಾಲೆಯ ನಕಾಶೆ ಪುಸ್ತಕ ತೆಗೆದು ಪೆನ್ಸಿಲಿನಿಂದ ಚುಕ್ಕಿ ಇಡುತ್ತಿದ್ದರು. ನೀಲಿ ಬಣ್ಣದ ಮೇಲೆ ರಂಗೋಲಿಯ ಚುಕ್ಕಿಯಂತೆ ಒಂದೊಂದೇ ಪಶ್ಚಿಮಕ್ಕೆ ಸರಿಯುತ್ತಿತ್ತು.

ಹನ್ನೊಂದನೆಯ ಸಂಜೆ ಸಂದೇಶ ಬರಲಿಲ್ಲ. ಹನ್ನೆರಡನೆಯ ಸಂಜೆಯೂ ಇಲ್ಲ. ಯಾರಿಗೆ ಕೇಳುವುದು, ಏನು ಕೇಳುವುದು? ಮರುದಿನ ಹೊಲದ ಕೆಲಸಕ್ಕೆಂದು ಮುಂಡರಗಿಗೆ ಹೋಗುವುದಿತ್ತು. ಮನೆಯಲ್ಲಿ ಕೂಡಲಾರದೆ ನಾನೂ ಬಸ್ಸು ಹತ್ತಿದೆ. ಡಂಬಳದ ಹತ್ತಿರ ಕಪ್ಪತಗುಡ್ಡ ಕಂಡಿತು. ಗಾಳಿಯಂತ್ರಗಳು ಮೂಡಗಾಳಿಗೆ ಮುಖ ಮಾಡಿ ತಿರುಗುತ್ತಿದ್ದವು. ಇಲ್ಲಿಯ ಗಾಳಿ ಬೇರೆ, ಅಲ್ಲಿಯ ಗಾಳಿ ಬೇರೆ ಎಂದು ಮಾಸ್ತರಳಾದ ನನಗೆ ಗೊತ್ತಿಲ್ಲವೇ? ಆದರೂ ಆ ರೆಕ್ಕೆಗಳನ್ನು ನೋಡುತ್ತ, ನಿಲ್ಲಬೇಡ, ನಿಲ್ಲಬೇಡ ಎಂದು ಬೇಡಿಕೊಂಡೆ. ಪಕ್ಕದಲ್ಲಿ ಯಜಮಾನರು ಮಾತಾಡದೆ ನನ್ನ ಕೈ ಹಿಡಿದುಕೊಂಡರು. ಹರಗೋಲಿನಲ್ಲಿ ನಡುಗಿದ ಅದೇ ಕೈ.

ಆ ಸಂಜೆ ಸಂದೇಶ ಬಂತು. "ಯಂತ್ರದ ವಾಯರು ಉಪ್ಪುನೀರಿಗೆ ಕೆಟ್ಟಿತ್ತು. ಆರಾಮ. ರೊಟ್ಟಿ ಇನ್ನೂ ಅರವತ್ತು ಅದಾವು." ಅಂದು ನಾನು ಮನಸಾರೆ ಅತ್ತೆ. ಈಗ ಅತ್ತರೆ ಯಾರ ಕಾಲಿಗೂ ಹಗ್ಗವಾಗುತ್ತಿರಲಿಲ್ಲ.

ಇಪ್ಪತ್ಮೂರನೆಯ ದಿನ ದಂಡೆ ಮುಟ್ಟಿ ಫೋನು ಮಾಡಿದಳು. ಬಿರುಗಾಳಿ, ತೆರೆ ಏನಾದರೂ ಹೇಳುತ್ತಾಳೆಂದು ಕಾದೆ. "ತ್ರಾಸ ಯಾವುದು ಗೊತ್ತೇನವ್ವಾ? ಒಬ್ಬರು ಮಲಗಿದರ ಒಬ್ಬರು ಎಚ್ಚರ ಇರಬೇಕು. ಮೂರು ಮೂರು ತಾಸಿನ ಪಾಳಿ. ಒಂದ ದೋಣಿಯೊಳಗಿದ್ದೂ ಸಂಜೀ ಊಟಕ್ಕಷ್ಟ ನಾವಿಬ್ಬರು ಭೆಟ್ಟಿ" ಎಂದಳು. ನನಗೆ ನಗು ಬಂತು. ರಾತ್ರಿ ಪಾಳಿಯ ಕರೆಂಟಿಗೆಂದು ಇವಳಪ್ಪ ಪಂಪ್‌ಸೆಟ್ಟಿನ ಹತ್ತಿರ, ನಾನು ತೊಟ್ಟಿಲಿನ ಹತ್ತಿರ ಎಷ್ಟು ವರ್ಷ ಕಳೆದೆವು! ಬೆಟಗೇರಿಯ ನೇಕಾರರ ಮನೆಗಳಲ್ಲಿ ಅವನು ಮಗ್ಗಕ್ಕೆ, ಅವಳು ಕಂಡಿಕೆಗೆ. ಒಬ್ಬರು ಎಚ್ಚರವಿದ್ದಾರೆಂಬ ಧೈರ್ಯದ ಮೇಲೆ ಇನ್ನೊಬ್ಬರು ನಿದ್ದೆ ಮಾಡುವುದೇ ಸಂಸಾರ. ಅದನ್ನು ಕಲಿಯಲಿಕ್ಕೆ ಇವರು ಅಟ್ಲಾಂಟಿಕ್ ತನಕ ಹೋದರು.

ನಕಾಶೆ ಪುಸ್ತಕ ಮುಚ್ಚಿಡುತ್ತ ಯಜಮಾನರು, "ನಾವೂ ಒಮ್ಮೆ ಗೋಕರ್ಣಕ್ಕ ಹೋಗಿ ಸಮುದ್ರ ನೋಡಿ ಬರೂಣೇನು?" ಎಂದರು. ಒಂದು ದಿನದ ಬಸ್ಸಿನ ಹಾದಿ. ಆದರೂ ನಾನು ಎದ್ದು, ಡಬ್ಬಿಯಲ್ಲಿ ಜೋಳದ ಹಿಟ್ಟು ಎಷ್ಟಿದೆಯೆಂದು ನೋಡಿದೆ.