‘ಸೇವ್ ಆಯಿತು’ ಅಂದಿತ್ತು ನಮ್ಮದೇ ಪ್ರೋಗ್ರಾಂ

ಅಜ್ಜಿಯೊಬ್ಬರು ಹಾಡಿದ ಬೀಸುವ ಪದಗಳನ್ನು ಒಂದು ಮಧ್ಯಾಹ್ನವೆಲ್ಲ ಕೂತು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಬಂದಿದ್ದೆವು. ಅವನ್ನು ಪೆನ್‌ಡ್ರೈವಿಗೆ ಕಾಪಿ ಮಾಡಲು ನಾವೇ ಸಿ ಭಾಷೆಯಲ್ಲಿ ಬರೆದ ಪುಟ್ಟ ಪ್ರೋಗ್ರಾಂ ಇತ್ತು. ಅದು ‘ಸೇವ್ ಆಯಿತು’ ಅಂದಿತು. ನಂಬಿ ಫೋನಿನಿಂದ ಅಳಿಸಿದೆವು. ವಾರದ ನಂತರ ನೋಡಿದರೆ ಎರಡು ಪದ ಇವೆ, ಮೂರನೆಯದು ಅರ್ಧಕ್ಕೆ ನಿಂತಿದೆ, ಉಳಿದವು ಇಲ್ಲ. ಪೆನ್‌ಡ್ರೈವ್ ತುಂಬಿತ್ತು.

ಲ್ಯಾಪ್‌ಟಾಪಿನ ಲಿನಕ್ಸ್ ಆಗಲೇ ಹೇಳಿತ್ತು, ನಾವು ಕೇಳಿಸಿಕೊಂಡಿರಲಿಲ್ಲ.

ಪ್ರೋಗ್ರಾಂ ನೇರವಾಗಿ ಡಿಸ್ಕಿಗೆ ಕೈ ಹಾಕುವಂತಿಲ್ಲ. ‘ಇಷ್ಟು ಬೈಟ್ ಬರೆದುಕೊಡು’ ಎಂದು ಆಪರೇಟಿಂಗ್ ಸಿಸ್ಟಮ್‌ಗೆ ಅರ್ಜಿ ಹಾಕಬೇಕು. ಈ ಅರ್ಜಿಯ ಹೆಸರು ‘ರೈಟ್’. ಉತ್ತರವಾಗಿ ಒಂದು ಸಂಖ್ಯೆ ಬರುತ್ತದೆ. 4096 ಬೈಟ್ ಕೊಟ್ಟಾಗ 1000 ಎಂದು ಬಂದರೆ ಅಷ್ಟೇ ತೆಗೆದುಕೊಂಡಿದೆ, ಉಳಿದದ್ದನ್ನು ಮತ್ತೆ ಕೊಡಬೇಕು. -1 ಬಂದರೆ ಕೆಲಸ ಆಗಿಲ್ಲ. ಕಾರಣ ‘ಎರ್‌ನೋ’ ಎಂಬಲ್ಲಿ ಇರುತ್ತದೆ. ಜಾಗ ಇಲ್ಲ ಎಂಬುದಕ್ಕೆ ಲಿನಕ್ಸ್‌ನಲ್ಲಿ 28. ನಮ್ಮ ಪ್ರೋಗ್ರಾಂ ಉತ್ತರವನ್ನೇ ನೋಡುತ್ತಿರಲಿಲ್ಲ. ನಾಡಕಚೇರಿ ಕಿಟಕಿಯಲ್ಲಿ ಅರ್ಜಿ ತಳ್ಳಿ, ರಸೀದಿಗೂ ಕಾಯದೆ ಬಸ್ ಹತ್ತಿದ ಹಾಗೆ.

ತಿದ್ದುವಾಗ ಇನ್ನೊಂದು ತಪ್ಪು ಮಾಡಿದೆವು. -1 ಬಂದ ಕೂಡಲೇ ‘ತೊಂದರೆಯಾಗಿದೆ’ ಎಂದು ಪರದೆಗೆ ಬರೆಸಿ, ಆಮೇಲೆ ಎರ್‌ನೋ ಓದಿದೆವು. ಪರದೆಗೆ ಬರೆಯುವುದೂ ಒಂದು ಅರ್ಜಿಯೇ. ಅದು ಹಳೆಯ ಕಾರಣವನ್ನು ಅಳಿಸಿ ತನ್ನದನ್ನು ಬರೆಯಬಹುದು. ಇಲ್ಲದ ಕಾರಣವನ್ನು ಹುಡುಕುತ್ತ ಒಂದು ಸಂಜೆ ಹೋಯಿತು. ಎರ್‌ನೋವನ್ನು ಮೊದಲು ಬೇರೆ ಕಡೆ ಎತ್ತಿಟ್ಟುಕೊಂಡು ಆಮೇಲೆ ಮಾತಾಡಬೇಕು.

ಇಷ್ಟಾದರೂ ಮುಗಿಯಲಿಲ್ಲ. ರೈಟ್ ‘ಆಯಿತು’ ಎಂದಾಗ ಮಾಹಿತಿ ಇನ್ನೂ ಮೆಮೊರಿಯಲ್ಲೇ ಇರಬಹುದು. ಡಿಸ್ಕಿಗೆ ಮುಟ್ಟಿಸು ಎನ್ನಲು ‘ಎಫ್‌ಸಿಂಕ್’ ಎಂಬ ಬೇರೆ ಅರ್ಜಿ ಇದೆ. ಇದರಲ್ಲಿ ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ದೊಡ್ಡ ಡೇಟಾಬೇಸ್ ಕಟ್ಟುವವರೇ ಎಡವಿದ್ದರು ಎಂದು ಓದಿ ಸ್ವಲ್ಪ ಸಮಾಧಾನವಾಯಿತು, ನಿಜ ಹೇಳಬೇಕೆಂದರೆ. ಎಫ್‌ಸಿಂಕ್ ಸೋತರೆ ಇನ್ನೊಮ್ಮೆ ಕೇಳಿದರಾಯಿತು ಎಂದು ಅವರು ನಂಬಿದ್ದರು. ಎರಡನೇ ಸಲ ಲಿನಕ್ಸ್ ‘ಸರಿ’ ಎನ್ನುತ್ತಿತ್ತು, ಆದರೆ ಮಾಹಿತಿ ಡಿಸ್ಕಿಗೆ ಹೋಗಿರುತ್ತಿರಲಿಲ್ಲ. 2018ರಲ್ಲಿ ಇದು ಬಯಲಾಯಿತು. 2019ರಿಂದ ಅವರ ಡೇಟಾಬೇಸ್ ಎಫ್‌ಸಿಂಕ್ ಸೋತರೆ ತನ್ನನ್ನು ತಾನೇ ನಿಲ್ಲಿಸಿಕೊಂಡು, ತನ್ನ ಲಾಗ್‌ನಿಂದ ಮತ್ತೆ ಕಟ್ಟಿಕೊಳ್ಳುತ್ತದೆ.

ಅಜ್ಜಿ ಹತ್ತಿರ ಮತ್ತೆ ಹೋದೆವು. ನಕ್ಕು, ಮತ್ತೆ ಹಾಡಿದರು. ಮೂರನೆಯ ಪದದ ಕೊನೆಯ ನುಡಿ ಮಾತ್ರ ನೆನಪಾಗಲಿಲ್ಲ. ‘ಅವತ್ತು ಬಂದಿತ್ತಲ್ಲ, ಅದರಲ್ಲೇ ನೋಡ್ರಿ’ ಅಂದರು.