ನಲವತ್ತೆರಡು ಬೆಟ್ಟ, ಒಂದೇ ದಿನ

ಇಂಗ್ಲೆಂಡಿನ ವಾಯವ್ಯ ಮೂಲೆಯಲ್ಲಿರುವ ಲೇಕ್ ಡಿಸ್ಟ್ರಿಕ್ಟ್ ಎಂದೊಡನೆ ನಮ್ಮಲ್ಲಿ ಶಾಲೆಯ ಇಂಗ್ಲಿಷ್ ಪಠ್ಯ ಓದಿದವರಿಗೆಲ್ಲ ನೆನಪಾಗುವುದು ವರ್ಡ್ಸ್‌ವರ್ತ್ ಕವಿ ಮತ್ತು ಅವನ ಡ್ಯಾಫೊಡಿಲ್ ಹೂಗಳು. ಹೂವನ್ನು ಕಣ್ಣಾರೆ ಕಾಣದೆಯೇ ಪದ್ಯವನ್ನು ಉರುಹೊಡೆದು ಅಂಕ ಗಿಟ್ಟಿಸಿದ ತಲೆಮಾರುಗಳೇ ನಮ್ಮಲ್ಲಿವೆ. ಆ ಹೂಗಳು ಕಂಡ ಅಲ್ಸ್‌ವಾಟರ್ ಸರೋವರ, ಕವಿ 1799ರಿಂದ 1808ರವರೆಗೆ ಬಾಳಿದ ಗ್ರಾಸ್‌ಮಿಯರ್ ಊರಿನ ಡವ್ ಕಾಟೇಜ್, ಅಲ್ಲಿನ ಚರ್ಚಿನ ಅಂಗಳದಲ್ಲಿರುವ ಅವನ ಸಮಾಧಿ, ಇವನ್ನೆಲ್ಲ ನೋಡಲು ಪ್ರವಾಸಿಗರು ಬಸ್ಸುಗಟ್ಟಲೆ ಬರುತ್ತಾರೆ. ಕವಿಯೂ ಸಾಮಾನ್ಯ ನಡಿಗೆಯವನಲ್ಲ. ಅವನು ಬದುಕಿನಲ್ಲಿ ಒಂದು ಲಕ್ಷದ ಎಪ್ಪತ್ತೈದು ಸಾವಿರ ಮೈಲಿಗಿಂತ ಕಡಿಮೆ ನಡೆದಿರಲಾರ ಎಂದು ಅವನ ಒಡನಾಡಿ ಡಿ ಕ್ವಿನ್ಸಿ ಲೆಕ್ಕ ಹಾಕಿದ್ದ. ಆ ಕವಿ ನಡೆದ ಬೆಟ್ಟಗಳ ಮೇಲೆ ಓಡುವ ಜನ ಇಲ್ಲಿದ್ದಾರೆ ಎಂಬ ಸಂಗತಿ ಮಾತ್ರ ನಮ್ಮ ಪಠ್ಯಪುಸ್ತಕಗಳಿಗೆ ಗೊತ್ತಿಲ್ಲ.

ಇಲ್ಲಿಯವರು ಬೆಟ್ಟಕ್ಕೆ 'ಫೆಲ್' ಎನ್ನುತ್ತಾರೆ. ನೂರಾರು ವರ್ಷಗಳ ಹಿಂದೆ ಇಲ್ಲಿ ಬಂದು ನೆಲೆಸಿದ ನಾರ್ಸ್ ಜನರು ಬಿಟ್ಟುಹೋದ ಪದ ಅದು. ನಮ್ಮ ವಿದ್ಯಾರ್ಥಿಗಳು ವ್ಯಾಕರಣ ನೆನೆದು 'ಬಿದ್ದನು' ಎಂದು ಅರ್ಥ ಮಾಡಿದರೂ ಪೂರ್ತಿ ತಪ್ಪಲ್ಲ; ಈ ಓಟದಲ್ಲಿ ಬೀಳದವರೇ ಇಲ್ಲ! ಎತ್ತರದಲ್ಲಿ ಇವು ದೊಡ್ಡ ಬೆಟ್ಟಗಳಲ್ಲ. ಇಂಗ್ಲೆಂಡಿಗೇ ಎತ್ತರವಾದ ಸ್ಕಾಫೆಲ್ ಪೈಕ್ 978 ಮೀಟರ್; ನಮ್ಮ ಮುಳ್ಳಯ್ಯನಗಿರಿಯ ಸುಮಾರು ಅರ್ಧ. ಅದರ ಬುಡದ ಸೀತ್‌ವೇಟ್ ಹಳ್ಳಿಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮಳೆ ಬೀಳುತ್ತದೆಂದು ಅವರು ಹೆಮ್ಮೆಯಿಂದ ಹೇಳಿಕೊಂಡರೆ ಆಗುಂಬೆಯವರು ನಕ್ಕಾರು. ಆದರೆ ಈ ಮಳೆ ತಣ್ಣಗಿನದು. ಅದರೊಡನೆ ಗಾಳಿ, ಮಂಜು. ಜೂನ್ ತಿಂಗಳಲ್ಲೂ ತುದಿಯಲ್ಲಿ ಕೈಬೆರಳು ಸೆಟೆದುಕೊಳ್ಳುತ್ತವೆ. ದಾರಿ ಎಂಬುದು ಕೆಲವೆಡೆ ಕುರಿ ತುಳಿದ ಗೆರೆ, ಕೆಲವೆಡೆ ಬರೀ ಜಾರುಗಲ್ಲಿನ ರಾಶಿ, ಇನ್ನು ಕೆಲವೆಡೆ ಮೊಣಕಾಲುದ್ದ ಜೌಗು.

ಗ್ರಾಸ್‌ಮಿಯರ್‌ನಲ್ಲಿ ಪ್ರತಿ ಬೇಸಿಗೆ ನಡೆಯುವ ಕ್ರೀಡಾಮೇಳದಲ್ಲಿ 'ಗೈಡ್ಸ್ ರೇಸ್' ಎಂಬ ಓಟವುಂಟು. 1868ರಿಂದ ಬಂದ ಪರಿಪಾಠ. ಮೈದಾನದಿಂದ ಹೊರಟು ಎದುರಿನ ಕಡಿದಾದ ಗುಡ್ಡ ಹತ್ತಿ, ಅಲ್ಲಿಂದ ಕಲ್ಲು ಉರುಳಿದಂತೆ ಇಳಿದು ಮತ್ತೆ ಮೈದಾನಕ್ಕೆ ಬರುವುದು. ಗೆಲ್ಲುವವರಿಗೆ ಹನ್ನೆರಡು ಹದಿಮೂರು ನಿಮಿಷ ಸಾಕು. ಆದರೆ ಅಲ್ಲಿ ಬಹುಮಾನ ಹಣದ ರೂಪದಲ್ಲಿತ್ತು. ಅದನ್ನು ಮುಟ್ಟಿದವನು 'ವೃತ್ತಿಪರ' ಎಂದು ಮುದ್ರೆ ಬಿದ್ದು, ಹವ್ಯಾಸಿಗಳ ಓಟದ ಬಾಗಿಲು ಅವನಿಗೆ ಮುಚ್ಚುತ್ತಿತ್ತು. ಹೀಗೆ ಒಂದೇ ಕಣಿವೆಯ ಇಬ್ಬರು ನೆರೆಯವರು ಬದುಕಿಡೀ ಒಟ್ಟಿಗೆ ಓಡದೇ ಇರುವಂಥ ಸ್ಥಿತಿ. ಥ್ರೆಲ್‌ಕೆಲ್ಡ್ ಹಳ್ಳಿಯ ತೋಟಗಾರ ಕೆನ್ನಿ ಸ್ಟುವರ್ಟ್ ಹಣದ ಓಟಗಳಲ್ಲಿ ಗೆದ್ದು, 1980ರ ದಶಕದಲ್ಲಿ ಹವ್ಯಾಸಿಗಳ ಕಡೆಗೆ ಬರಬೇಕಾದಾಗ ಅನುಮತಿ ಬೇಡಬೇಕಾಯಿತು. ಈಗ ಆ ಗೋಡೆ ಬಿದ್ದುಹೋಗಿದೆ. ಕೆಲವು ಪೌಂಡುಗಳ ಬಹುಮಾನಕ್ಕಾಗಿ ಅಷ್ಟು ಎತ್ತರದ ಗೋಡೆ ಕಟ್ಟಿದ್ದೇ ಸೋಜಿಗ.

ವಸಂತದಿಂದ ಶರತ್ಕಾಲದವರೆಗೆ ಇಲ್ಲಿ ಯಾವುದಾದರೊಂದು ಹಳ್ಳಿಯಲ್ಲಿ ಓಟವಿಲ್ಲದ ವಾರವೇ ಅಪರೂಪ. ನಾನು ನೋಡಿದ ಒಂದು ಸಂಜೆಯ ಓಟ ಹೀಗಿತ್ತು: ಕುರಿ ಮೇಯುವ ಬಯಲು, ಅದರಲ್ಲಿ ಒಂದು ಮೇಜು, ಮೇಜಿನ ಹಿಂದೆ ಹೆಸರು ಬರೆದುಕೊಳ್ಳುವ ಇಬ್ಬರು ಅಜ್ಜಿಯರು. ಪ್ರವೇಶಧನ ಕೆಲವೇ ಪೌಂಡು. ಗೆದ್ದವರಿಗೆ ಒಂದು ಬಾಟಲಿ ವೈನೋ, ಒಂದು ಜೊತೆ ಕಾಲುಚೀಲವೋ. ಅಂಚೆಯವ, ನರ್ಸ್, ಕಟ್ಟಡದ ಕೆಲಸದವ, ಕಾಲೇಜಿನ ಹುಡುಗಿ, ಅರವತ್ತು ದಾಟಿದ ರೈತ ಎಲ್ಲರೂ ಒಂದೇ ಗೆರೆಯ ಹಿಂದೆ. ಓಟಗಳನ್ನು ವಿಂಗಡಿಸುವ ಕ್ರಮವೂ ಸ್ವಾರಸ್ಯವಾಗಿದೆ. ಕಿಲೋಮೀಟರಿಗೆ ಸರಾಸರಿ 50 ಮೀಟರಾದರೂ ಏರು ಇದ್ದರೆ ಅದು 'ಎ' ವರ್ಗ; 20 ಕಿಲೋಮೀಟರಿಗಿಂತ ಹೆಚ್ಚಿದ್ದರೆ 'ದೀರ್ಘ'. ದೊಡ್ಡವರಿಗಿಂತ ಮೊದಲು ಮಕ್ಕಳ ಓಟ. ಯಾವ ವಯಸ್ಸಿನ ಮಗು ಎಷ್ಟು ದೂರದವರೆಗೆ ಮಾತ್ರ ಓಡಬಹುದು ಎಂಬುದಕ್ಕೆ ನಿಯಮವಿದೆ. ಮಗು ಎಷ್ಟೇ ಚೂಟಿಯಾಗಿರಲಿ, ಅಪ್ಪ ಎಷ್ಟೇ ಒತ್ತಾಯಿಸಲಿ, ಹೆಚ್ಚು ಓಡಿಸುವಂತಿಲ್ಲ. ಮಕ್ಕಳನ್ನು ಎಲ್ಲದರಲ್ಲೂ ಎರಡು ತರಗತಿ ಮುಂದೆ ಕೂರಿಸಲು ಹಾತೊರೆಯುವ ನಮ್ಮ ತಂದೆತಾಯಂದಿರು ಈ ನಿಯಮವನ್ನೊಮ್ಮೆ ಗಮನಿಸಬೇಕು.

ದೀರ್ಘ ಓಟಗಳಿಗೆ ಹೊರಡುವ ಮೊದಲು ಚೀಲದ ತಪಾಸಣೆ. ಮಳೆಯಂಗಿ, ಮಳೆಯ ಪ್ಯಾಂಟು, ಟೋಪಿ, ಕೈಗವಸು, ನಕಾಶೆ, ದಿಕ್ಸೂಚಿ, ಸೀಟಿ, ಒಂದಿಷ್ಟು ತಿಂಡಿ. ಇಲ್ಲದಿದ್ದರೆ ಓಡುವಂತಿಲ್ಲ. ಬಿಸಿಲಿದ್ದ ದಿನ ಇದು ಅತಿಯೆನಿಸಬಹುದು. ಆದರೆ 2012ರ ಏಪ್ರಿಲ್‌ನಲ್ಲಿ ಬಟರ್‌ಮಿಯರ್ ಕಣಿವೆಯ ಓಟವೊಂದರಲ್ಲಿ ಅನುಭವಿ ಓಟಗಾರನೊಬ್ಬ ಚಳಿಗೆ ಸಿಕ್ಕಿ ಬೆಟ್ಟದಲ್ಲೇ ಪ್ರಾಣ ಬಿಟ್ಟ. ಅರ್ಧಕ್ಕೆ ನಿಲ್ಲಿಸಿದವರು ಹೇಳದೆ ಮನೆಗೆ ಹೋಗಬಾರದು, ಮೇಜಿನ ಬಳಿ ಬಂದು ಸಂಖ್ಯೆ ಒಪ್ಪಿಸಲೇಬೇಕು ಎಂದು ಆ ಅಜ್ಜಿಯರು ಏಕೆ ಗದರಿಸುತ್ತಾರೆಂದು ಆಗ ತಿಳಿಯುತ್ತದೆ. ಮೇಲೆ ಹೋದವರ ಲೆಕ್ಕ, ಕೆಳಗೆ ಬಂದವರ ಲೆಕ್ಕ ತಾಳೆಯಾಗುವವರೆಗೆ ಅವರು ಮೇಜು ಬಿಟ್ಟು ಏಳುವುದಿಲ್ಲ.

ಈ ಎಲ್ಲ ಓಟಗಳಿಗೂ ಕಳಸವಿಟ್ಟಂತೆ ಇನ್ನೊಂದಿದೆ. ಅದಕ್ಕೆ ಸ್ಪರ್ಧೆಯ ದಿನವಿಲ್ಲ, ಎದುರಾಳಿಯಿಲ್ಲ, ಬಹುಮಾನವೂ ಇಲ್ಲ. ಅದನ್ನು ತಿಳಿಯಲು ಗ್ರಾಸ್‌ಮಿಯರ್‌ನಿಂದ 555 ನಂಬರಿನ ಬಸ್ಸು ಹತ್ತಿ ಉತ್ತರಕ್ಕೆ ಹೋಗಬೇಕು. ಊರಿನ ಹೆಸರನ್ನು ಬರೆಯುವುದು ಕೆಸ್‌ವಿಕ್, ಕರೆಯುವುದು ಕೆಜಿಕ್. (ಲಂಡನ್ನಿನಿಂದ ಬರುವವರು ಆಕ್ಸನ್‌ಹೋಮ್‌ನಲ್ಲಿ ರೈಲು ಬದಲಿಸಿ ವಿಂಡರ್‌ಮಿಯರ್‌ಗೆ ಬಂದು ಇದೇ ಬಸ್ಸು ಹಿಡಿಯಬಹುದು, ಕೆಸ್‌ವಿಕ್‌ನ ರೈಲು 1972ರಲ್ಲೇ ನಿಂತುಹೋಯಿತು.) ಪೇಟೆಯ ನಡುವೆ ಮೂಟ್ ಹಾಲ್ ಎಂಬ 1813ರ ಬಿಳಿ ಕಟ್ಟಡ. ಅದರ ಗಡಿಯಾರಕ್ಕೆ ಇರುವುದು ಒಂದೇ ಮುಳ್ಳು, ಗಂಟೆಯದು. ನಿಮಿಷಕ್ಕಾಗಿ ಒದ್ದಾಡುವವರ ಓಟ ಈ ಗಡಿಯಾರದ ಕೆಳಗೇ ಆರಂಭವಾಗಿ ಇಲ್ಲೇ ಮುಗಿಯುತ್ತದೆ.

1932ರ ಜೂನ್ 13ರ ನಡುರಾತ್ರಿ ಒಂದು ಗಂಟೆಗೆ ಬಾಬ್ ಗ್ರಹಾಂ ಎಂಬ ನಡುವಯಸ್ಸಿನ ಮನುಷ್ಯ ಇಲ್ಲಿಂದ ಹೊರಟ. ಊರಿನಲ್ಲಿ ಪ್ರವಾಸಿಗರಿಗೆ ವಸತಿಗೃಹ ನಡೆಸುತ್ತಿದ್ದವ. ಕಾಲಿಗೆ ಟೆನ್ನಿಸ್ ಬೂಟು, ಉದ್ದ ಚಡ್ಡಿ, ಮೇಲೆ ಪೈಜಾಮದ ಅಂಗಿ. ಬೆಣ್ಣೆ ಹಚ್ಚಿದ ಬ್ರೆಡ್ಡು, ಬೇಯಿಸಿದ ಮೊಟ್ಟೆ, ಹಣ್ಣು, ಮಿಠಾಯಿ ಅವನ ಬುತ್ತಿ. ಹಿಂದಿನ ವರ್ಷ ಯತ್ನಿಸಿ ಸೋತಿದ್ದ. ಈ ಸಲ 42 ಶಿಖರ ಏರಿಳಿದು, 23 ಗಂಟೆ 39 ನಿಮಿಷಕ್ಕೆ ಮರಳಿ ಮೂಟ್ ಹಾಲ್ ತಲುಪಿದ. ಸುಮಾರು 106 ಕಿಲೋಮೀಟರ್ ದೂರ. ಏರಿದ ಎತ್ತರವನ್ನೆಲ್ಲ ಕೂಡಿದರೆ 8,200 ಮೀಟರ್, ಎವರೆಸ್ಟಿಗೆ ಸ್ವಲ್ಪವೇ ಕಡಿಮೆ. ಮುಂದಿನ 28 ವರ್ಷ ಅದನ್ನು ಯಾರೂ ಸರಿಗಟ್ಟಲಿಲ್ಲ. 1960ರಲ್ಲಿ ಆಲನ್ ಹೀಟನ್ ಮಾಡಿ ತೋರಿಸಿದ ಮೇಲೆ ಬಾಗಿಲು ತೆರೆದಂತಾಯಿತು. ಈವರೆಗೆ ಎರಡು ಸಾವಿರಕ್ಕೂ ಹೆಚ್ಚು ಮಂದಿ 24 ಗಂಟೆಯೊಳಗೆ ಈ ಸುತ್ತು ಮುಗಿಸಿದ್ದಾರೆ.

ಈ ಸುತ್ತಿನ ವಿಶೇಷವೆಂದರೆ, ಒಬ್ಬರೇ ಓಡಿ ಬಂದು 'ಮುಗಿಸಿದೆ' ಎಂದರೆ ಬಾಬ್ ಗ್ರಹಾಂ ಕ್ಲಬ್ ಒಪ್ಪುವುದಿಲ್ಲ. 42 ಶಿಖರಗಳಲ್ಲಿ ಪ್ರತಿಯೊಂದರ ಮೇಲೂ ಜೊತೆಗಾರರೊಬ್ಬರು ನಿಂತು ನೋಡಿರಬೇಕು. ಆದ್ದರಿಂದ ಓಡುವವರು ಒಬ್ಬರಾದರೆ ಓಡಿಸುವವರು ಹತ್ತು ಮಂದಿ. ಸುತ್ತನ್ನು ಐದು ಭಾಗ ಮಾಡಿಕೊಂಡು, ಪ್ರತಿ ಭಾಗಕ್ಕೂ ಹೊಸ ಜೊತೆಗಾರರು ಬರುತ್ತಾರೆ. ಅವರು ದಾರಿ ನೋಡುತ್ತಾರೆ, ಬುತ್ತಿ ಹೊರುತ್ತಾರೆ, ಸಮಯ ಬರೆದುಕೊಳ್ಳುತ್ತಾರೆ. ಇದಕ್ಕೆ ಕೂಲಿಯಿಲ್ಲ. ಇವತ್ತು ನಿಮಗಾಗಿ ನಾನು ಬಂದರೆ ಮುಂದಿನ ವರ್ಷ ನನಗಾಗಿ ನೀವು. ನಮ್ಮ ಹಳ್ಳಿಗಳ ಮುಯ್ಯಾಳಿನ ಪದ್ಧತಿ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಡನ್‌ಮೇಲ್ ರೇಸ್ ಎಂಬ ಕಣಿವೆಬಾಗಿಲಲ್ಲಿ ಒಂದು ಬೆಳಿಗ್ಗೆ ಇದನ್ನು ಕಂಡೆ. ರಸ್ತೆ ಬದಿಯಲ್ಲಿ ಎರಡು ಕಾರು, ಸಣ್ಣ ಒಲೆ, ಚಹಾ, ಬೇಯಿಸಿದ ಆಲೂಗಡ್ಡೆ, ಅನ್ನದ ಪಾಯಸ. ನಡುರಾತ್ರಿ ಕೆಸ್‌ವಿಕ್ ಬಿಟ್ಟಿದ್ದ ಶಾಲಾ ಶಿಕ್ಷಕಿಯೊಬ್ಬರು ಹದಿನೈದು ಶಿಖರ ಮುಗಿಸಿ ಒಂಬತ್ತು ಗಂಟೆಯ ಹೊತ್ತಿಗೆ ಎದುರಿನ ಗುಡ್ಡದಿಂದ ಇಳಿದು ಬಂದರು. ಒಬ್ಬರು ಅವರ ಬೂಟು ಬಿಚ್ಚಿದರು, ಇನ್ನೊಬ್ಬರು ಒಣ ಕಾಲುಚೀಲ ತೊಡಿಸಿದರು, ಮತ್ತೊಬ್ಬರು ಪಾಯಸದ ಬಟ್ಟಲು ಹಿಡಿದರು. ಎಂಟು ನಿಮಿಷ. ಮತ್ತೆ ಎದ್ದು ಸ್ಟೀಲ್ ಫೆಲ್‌ನ ಗೋಡೆಯಂಥ ಏರಿನತ್ತ ಹೊರಟರು. ಇದಕ್ಕಾಗಿ ಅವರು ಒಂದೂವರೆ ವರ್ಷದಿಂದ ಸಿದ್ಧರಾಗುತ್ತಿದ್ದರಂತೆ. ವಾರದ ನಡುವೆ ಶಾಲೆ ಮುಗಿದ ಮೇಲೆ ಮನೆ ಹಿಂದಿನ ಒಂದೇ ಗುಡ್ಡವನ್ನು ಆರು ಬಾರಿ ಹತ್ತಿ ಇಳಿಯುವುದು. ರಜಾದಿನ ಐದು ಭಾಗಗಳಲ್ಲಿ ಒಂದನ್ನು ಓಡಿ ದಾರಿ ಪರಿಚಯ ಮಾಡಿಕೊಳ್ಳುವುದು. ತಿಂಗಳಿಗೊಮ್ಮೆ ತಲೆಗೆ ದೀಪ ಕಟ್ಟಿಕೊಂಡು ರಾತ್ರಿ ಓಟ. ವೇಗದ ಚಿಂತೆಯೇ ಇಲ್ಲ. ಏರಿನಲ್ಲಿ ಎಲ್ಲರೂ ಕೈಯನ್ನು ತೊಡೆಗೆ ಒತ್ತಿ ನಡೆಯುವವರೇ. ಕಲಿಯಬೇಕಾದ್ದು ಇಳಿಯುವುದನ್ನು. ದಣಿದ ಕಾಲಿಗೆ ಇಳಿಜಾರಿನಷ್ಟು ಶತ್ರು ಬೇರೆಯಿಲ್ಲ ಎಂಬುದು ಚಾಮುಂಡಿ ಬೆಟ್ಟದ ಮೆಟ್ಟಿಲು ಇಳಿದು ಮರುದಿನ ಮಲಗಿದವರಿಗೆ ಗೊತ್ತು.

ಆ ರಾತ್ರಿ ಹನ್ನೊಂದೂವರೆಗೆ ನಾನು ಮೂಟ್ ಹಾಲ್ ಮುಂದೆ ಹೋಗಿ ನಿಂತಾಗ ಅಲ್ಲಿ ಅವರ ಗೆಳೆಯರಿಬ್ಬರು ಮಾತ್ರ ಇದ್ದರು. ಶಿಕ್ಷಕಿ ಮೂವತ್ತನೆಯ ಶಿಖರ ಇಳಿದು ವಾಸ್‌ಡೇಲ್ ತಲುಪುವಾಗಲೇ ಹೊಟ್ಟೆ ಕೆಟ್ಟು ಎರಡು ಗಂಟೆ ಹಿಂದೆ ಬಿದ್ದಿದ್ದರು. ಮುಂದೆ ಯೂಬ್ಯಾರೋ ಎಂಬ ಕಡಿದಾದ ಬೆಟ್ಟ. ಎಷ್ಟೋ ಜನರ ಆಸೆ ಮುರಿಯುವ ಜಾಗ ಅದೇ. ಅವರೂ ಅಲ್ಲೇ ನಿಲ್ಲಿಸಿದರು. ಕೊನೆಯ ಎರಡು ಭಾಗಕ್ಕೆಂದು ರಜೆ ಹಾಕಿ ಬಂದಿದ್ದವರ ಸರದಿಯೇ ಬರಲಿಲ್ಲ. ಯಾರ ಮುಖದಲ್ಲೂ ಬೇಸರ ಕಾಣಲಿಲ್ಲ. ಮುಂದಿನ ಶನಿವಾರ ಬೇರೊಬ್ಬರ ಸುತ್ತಿಗೆ ಆಕೆಯೇ ರಾತ್ರಿ ಜೊತೆಗಾರ್ತಿಯಾಗಿ ಹೋಗಬೇಕಿತ್ತು. ಅಷ್ಟರಲ್ಲಿ ಕಾಲು ಸರಿಹೋಗುತ್ತದೋ ಇಲ್ಲವೋ ಎಂಬುದೇ ಅವರ ಚರ್ಚೆ.

ದಾಖಲೆಗಳ ಕತೆಯೂ ಇದೇ ರೀತಿಯದು. ಬಾರೋಡೇಲ್ ಕಣಿವೆಯ ಕಲ್ಲುಕೆಲಸದ ಬಿಲ್ಲಿ ಬ್ಲಾಂಡ್ 1982ರಲ್ಲಿ ಸುತ್ತನ್ನು 13 ಗಂಟೆ 53 ನಿಮಿಷಕ್ಕೆ ಮುಗಿಸಿದ. ಇದು ಮನುಷ್ಯಮಾತ್ರದವರಿಗೆ ಮೀರಿದ್ದು ಎಂದೇ 36 ವರ್ಷ ಎಲ್ಲರೂ ನಂಬಿದ್ದರು. 2018ರ ಜುಲೈನಲ್ಲಿ ಸ್ಪೇನಿನ ಜಗತ್ಪ್ರಸಿದ್ಧ ಓಟಗಾರ ಕಿಲಿಯನ್ ಜೋರ್ನೆಟ್ ಸದ್ದಿಲ್ಲದೆ ಬಂದ. ಅವನಿಗೆ ದಾರಿ ತೋರಿಸಿ ಜೊತೆಗೆ ಓಡಿದವರು ಇಲ್ಲಿನ ಓಟಗಾರರೇ. 12 ಗಂಟೆ 52 ನಿಮಿಷಕ್ಕೆ ಅವನು ಮೂಟ್ ಹಾಲ್ ಮುಟ್ಟಿದಾಗ ಅಭಿನಂದಿಸಲು ನಿಂತಿದ್ದವರಲ್ಲಿ ದಾಖಲೆ ಕಳೆದುಕೊಂಡ ಬಿಲ್ಲಿ ಬ್ಲಾಂಡ್ ಕೂಡ ಒಬ್ಬ. 2022ರಲ್ಲಿ ಅಮೆರಿಕದ ಜಾಕ್ ಕುಂಜಲ್ ಅದನ್ನೂ 12 ಗಂಟೆ 23 ನಿಮಿಷಕ್ಕೆ ಇಳಿಸಿದ. ಹೆಂಗಸರ ಪೈಕಿ ಪಶುವೈದ್ಯೆ ಜಾಸ್ಮಿನ್ ಪ್ಯಾರಿಸ್ 2016ರಲ್ಲಿ 15 ಗಂಟೆ 24 ನಿಮಿಷಕ್ಕೆ ಸುತ್ತು ಮುಗಿಸಿದ್ದರು. 2019ರ ಚಳಿಗಾಲದಲ್ಲಿ 268 ಮೈಲಿಯ ಸ್ಪೈನ್ ರೇಸ್‌ನಲ್ಲಿ ಗಂಡಸರನ್ನೂ ಹಿಂದೆ ಹಾಕಿ ಗೆದ್ದವರು ಇವರೇ. ಹದಿನಾಲ್ಕು ತಿಂಗಳ ಮಗುವಿಗಾಗಿ ತಂಗುದಾಣಗಳಲ್ಲಿ ಎದೆಹಾಲು ತೆಗೆದಿಡುತ್ತ ಓಡಿದ್ದರು.

ಆದರೆ ಇಲ್ಲಿಯ ಜನ ಎಲ್ಲರಿಗಿಂತ ಅಕ್ಕರೆಯಿಂದ ನೆನೆಯುವುದು ಜಾಸ್ ನೇಯ್ಲರ್‌ರನ್ನು. ವಾಸ್‌ಡೇಲ್‌ನ ಕುರಿಸಾಕಣೆಯ ಮನೆಯಲ್ಲಿ 1936ರಲ್ಲಿ ಹುಟ್ಟಿದವರು. ಹುಡುಗತನದಿಂದಲೇ ಬೆನ್ನು ನೋವು. ಹತ್ತೊಂಬತ್ತರ ವಯಸ್ಸಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿ ಬೆನ್ನೆಲುಬಿನ ಎರಡು ಬಿಲ್ಲೆ ತೆಗೆದರು. ಸೈನಿಕ ಸೇವೆಗೆ ಅಯೋಗ್ಯ ಎನಿಸಿಕೊಂಡ ಈ ಮನುಷ್ಯ 1960ರಲ್ಲಿ, ಓಟ ತನ್ನ ಕಣಿವೆಗೇ ಬಂದಿದೆಯಲ್ಲ ಎಂದು, ಮಂಡಿಯ ಬಳಿ ಕತ್ತರಿಸಿದ ಪ್ಯಾಂಟು, ಹೊಲದ ಬೂಟು ತೊಟ್ಟು ಓಡಿದರು. 1975ರಲ್ಲಿ 24 ಗಂಟೆಯೊಳಗೆ 72 ಶಿಖರ. ಐವತ್ತರ ವಯಸ್ಸಿನಲ್ಲಿ ಲೇಕ್ ಡಿಸ್ಟ್ರಿಕ್ಟಿನ 214 ಬೆಟ್ಟಗಳನ್ನು ಒಂದೇ ಪಟ್ಟಿಗೆ ಏಳು ದಿನ ಒಂದು ಗಂಟೆಯಲ್ಲಿ ಮುಗಿಸಿದರು. ಅರವತ್ತಕ್ಕೆ 60 ಬೆಟ್ಟ, ಎಪ್ಪತ್ತಕ್ಕೆ 70 ಬೆಟ್ಟ. ನಡುವೆ ಕುರಿಗಳ ಕೆಲಸವೂ ನಿಲ್ಲಲಿಲ್ಲ.

1990ರಲ್ಲಿ ನೇಯ್ಲರ್ ಐವತ್ತು ದಾಟಿದವರಿಗೆಂದೇ ಒಂದು ದಾರಿ ಹಾಕಿಕೊಟ್ಟರು. ಅಲ್ಸ್‌ವಾಟರ್ ದಂಡೆಯ ಪೂಲಿ ಬ್ರಿಜ್‌ನಿಂದ ವಾಸ್‌ಡೇಲ್‌ನ ಗ್ರೀನ್‌ಡೇಲ್ ಸೇತುವೆಗೆ 48 ಮೈಲಿ, 30 ಶಿಖರ. ಐವತ್ತರವರಿಗೆ 12 ಗಂಟೆ. ವಯಸ್ಸು ಏರಿದಂತೆ ಗಡುವೂ ಏರುತ್ತ ಅರವತ್ತೈದು ದಾಟಿದವರಿಗೆ 24 ಗಂಟೆ. ಓಡಿ ಬಂದವರನ್ನು ಎದುರುಗೊಳ್ಳಲು ಆ ಕಲ್ಲಿನ ಸೇತುವೆಯ ಬಳಿ ಬಹುಸಲ ನೇಯ್ಲರ್ ತಾವೇ ಬಂದು ನಿಂತಿರುತ್ತಿದ್ದರು, ಕೈಕುಲುಕಲು. 2024ರ ಜೂನ್‌ನಲ್ಲಿ, ಎಂಬತ್ತೆಂಟನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ದಾರಿ ಹಾಗೆಯೇ ಇದೆ. ಸೇತುವೆಯ ಬಳಿ ನಿಂತು ಗಡಿಯಾರ ನೋಡುವವರು ಈಗ ಓಡಿ ಬರುವವರ ಮಕ್ಕಳು, ಮೊಮ್ಮಕ್ಕಳು.